ರೈನೊ ಯಾವ ರಾಜ್ಯದವನು

ಸಾಂಡ್‌ಬರ್ಗ್, ಮಿನ್ನೆಸೋಟ
೬ ಮಾರ್ಚ್ ೧೯೯೫

ಶ್ರೀಮತಿ ಸೈಮಾ ಲೆಹ್ತೊಲಾ ಅವರಿಗೆ,

ನಿಮ್ಮ ಮಗನನ್ನು ಮಣ್ಣು ಮಾಡಿದ ದಿನದಿಂದ ನಿಮಗೂ ನನಗೂ ಮಾತಿಲ್ಲ. ನಾನಾಗಿ ಮೊದಲು ಬರೆಯುವುದಿಲ್ಲವೆಂದು ಹಟ ಹಿಡಿದು ಕೂತಿದ್ದೆ. ಇವತ್ತು ನನ್ನ ವಕೀಲೆ ಡಾರ್ಲೀನ್ ಗ್ರೂಬರ್ ಅವರ ಕಚೇರಿಯಲ್ಲಿ ನಾಲ್ಕು ಪತ್ರ ನೋಡಿದೆ. ರೈನೊನ ಕೈಬರಹ. ಮೇಲೆ 'ಪ್ರೀತಿಯ ಅಮ್ಮ' ಎಂದಿತ್ತು. ನಿಮ್ಮ ಮನೆಯಲ್ಲಿದ್ದ ಪತ್ರಗಳು ಈಗ ಅವನನ್ನು ಕೊಂದ ಗಿರಣಿ ಕಂಪನಿಯ ಫೈಲಿನಲ್ಲಿವೆ. ಅವಕ್ಕೇನು ಕಾಲು ಬಂದಿತ್ತೇ?

ಆದದ್ದೇನೆಂದು ನಿಮಗೆ ಗೊತ್ತಿರಲಿ. ಕಳೆದ ನವೆಂಬರಿನಲ್ಲಿ ಜ್ಯೂರಿ ನಮ್ಮ ಪರ ತೀರ್ಪು ಕೊಟ್ಟ ಮೇಲೆ ಕಂಪನಿ ಮೇಲಿನ ಕೋರ್ಟಿಗೆ ಹೋಯಿತು. ತಮ್ಮ ತಪ್ಪಿಲ್ಲ ಅಂತ ವಾದಿಸುತ್ತಾರೆಂದು ನಾವು ಕಾದಿದ್ದೆವು. ಆ ಮಾತೇ ಎತ್ತಲಿಲ್ಲ. ಈ ದಾವೆ ಕೇಳುವ ಅಧಿಕಾರವೇ ಕೇಂದ್ರದ ಈ ಫೆಡರಲ್ ಕೋರ್ಟಿಗೆ ಇರಲಿಲ್ಲ ಅಂದರು. ನಮ್ಮಂಥ ದಾವೆಯನ್ನು ಫೆಡರಲ್ ಕೋರ್ಟು ಮುಟ್ಟಬೇಕಾದರೆ ಎರಡು ಕಡೆಯವರೂ ಬೇರೆ ಬೇರೆ ರಾಜ್ಯದವರಾಗಿರಬೇಕಂತೆ. ಗಿರಣಿ ಇಲ್ಲಿದ್ದರೂ ಕಂಪನಿ ವಿಸ್ಕಾನ್ಸಿನ್‌ನದು. ಸತ್ತವನ ಪರವಾಗಿ ನಾನು ನಿಂತಿರುವುದರಿಂದ ನೋಡುವುದು ನನ್ನ ರಾಜ್ಯವನ್ನಲ್ಲ, ರೈನೊನ ರಾಜ್ಯವನ್ನು. ಅವನು ಮಿನ್ನೆಸೋಟದವನಾದರೆ ತೀರ್ಪು ಉಳಿಯಿತು. ವಿಸ್ಕಾನ್ಸಿನ್‌ನವನಾದರೆ ಒಂಬತ್ತು ದಿನದ ವಿಚಾರಣೆ, ಸಾಕ್ಷಿ, ತೀರ್ಪು, ಯಾವುದೂ ನಡೆಯಲೇ ಇಲ್ಲ.

ನನ್ನ ಜೊತೆ ನಾಲ್ಕು ವರ್ಷ ಈ ಊರಿನಲ್ಲಿ ಸಂಸಾರ ಮಾಡಿದವನು ಯಾವ ರಾಜ್ಯದವನು ಅಂತ ಕೇಳುತ್ತಿದ್ದಾರೆ. ವಾಸವಿದ್ದರೆ ಸಾಲದಂತೆ, ಇಲ್ಲೇ ಉಳಿಯುವ ಮನಸ್ಸೂ ಇರಬೇಕಂತೆ. ನೀವು ಕೊಟ್ಟ ಅವನ ನಾಲ್ಕು ಪತ್ರಗಳಲ್ಲೂ 'ವಾಪಸ್ ಮನೆಗೆ ಬರುತ್ತೇನೆ' ಎಂದಿದೆ. ಸಾಲದ್ದಕ್ಕೆ ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು, ಈ ಮೂರೂ ವರ್ಷ ಅವನ ಹೆಸರಿನಲ್ಲಿ ನಿಮ್ಮ ಊರಿನಲ್ಲಿ ಜಿಂಕೆ ಬೇಟೆಯ ಲೈಸೆನ್ಸು ಇದೆ, ವಿಸ್ಕಾನ್ಸಿನ್ ನಿವಾಸಿ ಅಂತ.

ಪತ್ರಗಳನ್ನು ಅವರಿಗೆ ಯಾಕೆ ಕೊಟ್ಟಿರಿ? ಇಷ್ಟು ಹೇಳಿ ಸಾಕು.

ಕೊರಿನ್ ಲೆಹ್ತೊಲಾ


ಹೆರಾನ್ ಪಾಯಿಂಟ್, ವಿಸ್ಕಾನ್ಸಿನ್
೧೫ ಮಾರ್ಚ್ ೧೯೯೫

ಕೊರಿನ್,

ಕೊಟ್ಟೆ. ಕದ್ದುಮುಚ್ಚಿ ಕೊಡಲಿಲ್ಲ, ಅಡುಗೆಮನೆ ಮೇಜಿನ ಮೇಲೆ ಹರಡಿ ಓದಿಸಿ ಕೊಟ್ಟೆ.

ಜನವರಿಯಲ್ಲಿ ಒಬ್ಬ ಯುವಕ ಬಂದ. ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದ, ಏಲಕ್ಕಿ ಬ್ರೆಡ್ಡು ಎರಡು ಹೋಳು ತಿಂದ, ಕಾಫಿ ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡ. ರೈನೊನ ಕೇಸಿನ ಕಾಗದಪತ್ರ ಸರಿಮಾಡುತ್ತಿದ್ದೇವೆ ಅಂದ. ಯಾರ ಕಡೆಯವನು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಮೇಲೆ ಕೇಳಿದ, "ಅಮ್ಮಾ, ನಿಮ್ಮ ಮಗನಿಗೆ ಊರಿಗೆ ವಾಪಸ್ ಬರೋ ಮನಸ್ಸಿತ್ತಾ?"

ಮೂರು ವರ್ಷದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವರು ಅವನೊಬ್ಬನೇ. ನೀನು ಕೇಳಿದೆಯಾ? ರೈನೊನನ್ನು ಎಲ್ಲಿ ಹೂಳಬೇಕು ಅಂತ ಯಾರಾದರೂ ನನ್ನನ್ನು ಕೇಳಿದರಾ? ಫೋನು ಬಂದಾಗ ಗುಂಡಿ ತೋಡಿ ಆಗಿತ್ತು. ಆ ಯುವಕನಿಗೆ, ಮನಸ್ಸಿತ್ತು ಅಂದೆ. ಪುರಾವೆ ಇದೆಯಾ ಅಂದ. ಡಬ್ಬಿ ತೆಗೆದು ಪತ್ರ ಕೊಟ್ಟೆ. ನನ್ನ ಮಗ ನನ್ನ ಬಳಿಗೆ ಬರುತ್ತಿದ್ದ ಅನ್ನುವುದು ಎಲ್ಲಾದರೂ ಒಂದು ಕಡೆ ಸರ್ಕಾರಿ ಕಾಗದದಲ್ಲಿ ಇರಲಿ ಅನ್ನಿಸಿತು. ಅದು ತಪ್ಪೇ?

ಅವನು ಕಂಪನಿಯ ಕಡೆಯವನು ಅಂತ ನಿನ್ನ ಪತ್ರದಿಂದ ತಿಳಿಯಿತು. ಮೈ ಉರಿದುಹೋಯಿತು. ನನ್ನ ಮಗನನ್ನು ಕೊಂದವರಿಗೆ ನಾನು ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟಿದ್ದೇನೆ. ಆದರೂ ಕೇಳುತ್ತೇನೆ, ಇದೆಂಥ ಕಾನೂನು? ಹುಡುಗನಿಗೆ ತಾಯಿಯ ಮನೆ ಮೇಲೆ ಆಸೆಯಿತ್ತು ಅಂದಮಾತ್ರಕ್ಕೆ ಕೊಂದವರು ಪಾರಾಗುತ್ತಾರೆಯೇ? ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ?

ಸೈಮಾ ಲೆಹ್ತೊಲಾ


ಸಾಂಡ್‌ಬರ್ಗ್
೨ ಏಪ್ರಿಲ್ ೧೯೯೫

ಅತ್ತೆ,

ಸಂಬಂಧವಿಲ್ಲ. ಅದನ್ನೇ ನಾನೂ ಗ್ರೂಬರ್ ಅವರನ್ನು ಕೇಳಿದೆ. ಸಂಬಂಧವಿರಬೇಕೆಂದು ಕಾನೂನು ಹೇಳುವುದಿಲ್ಲ ಅಂದರು.

ವಿಚಾರಣೆಗೆ ನೀವು ಬರಲಿಲ್ಲ, ನಾನೂ ಕರೆಯಲಿಲ್ಲ. ಅಲ್ಲಿ ಏನು ನಡೆಯಿತೆಂದು ಈಗ ಹೇಳಲೇಬೇಕು. ಆ ಮೇವಿನ ಗಿರಣಿಯಲ್ಲಿ ಮೇವನ್ನು ಮುಂದಕ್ಕೆ ತಳ್ಳುವ ದೊಡ್ಡ ತಿರುಪು ಬಿರುಕುಬಿಟ್ಟಿತ್ತು, ವೆಲ್ಡಿಂಗಿಗೆ ರೈನೊನನ್ನು ಕರೆಸಿದ್ದರು. ಯಂತ್ರದೊಳಗೆ ಇಳಿಯುವವನು ಮೊದಲು ಸ್ವಿಚ್ಚು ಆರಿಸಿ ಅದಕ್ಕೆ ತನ್ನದೇ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ತಾನು ಹೊರಗೆ ಬರುವವರೆಗೆ ಬೇರೆ ಯಾರೂ ಅದನ್ನು ತೆಗೆಯುವ ಹಾಗಿಲ್ಲ. ರೈನೊ ಆ ವಿಷಯದಲ್ಲಿ ಎಂಥ ಕಟ್ಟುನಿಟ್ಟು ಅಂದರೆ ಮನೆಯಲ್ಲಿ ಫ್ಯಾನು ಬಿಚ್ಚಿದರೂ ವೈರು ಕಿತ್ತು ನನ್ನ ಕೈಗೆ ಕೊಟ್ಟು ಹಿಡಿದುಕೋ ಅನ್ನುತ್ತಿದ್ದ. ಅವನು ಬೀಗ ಹಾಕಲೇ ಇಲ್ಲ, ಅಜಾಗರೂಕತೆಯಿಂದ ಸತ್ತ, ಅಂತ ಕಂಪನಿ ಮೂರು ವರ್ಷ ಊರಿಗೆಲ್ಲ ಹೇಳಿತು. ಚರ್ಚಿನಲ್ಲಿ ಹೆಂಗಸರು ನನ್ನನ್ನು ನೋಡಿ ಪಾಪ ಅನ್ನುತ್ತಿದ್ದರು, ದಡ್ಡನ ಹೆಂಡತಿಯನ್ನು ನೋಡುವ ಹಾಗೆ.

ಕೀಲಿ ಅವನ ಜೇಬಿನಲ್ಲಿತ್ತು. ಬೀಗ ಎಲ್ಲೂ ಇರಲಿಲ್ಲ. ಹೊರಗೆ ಮೇವಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಫೋರ್‌ಮನ್ ಡ್ವೇನ್ ತಾಳ್ಮೆ ಕೆಟ್ಟು ಕಟರಿನಿಂದ ಬೀಗ ತುಂಡರಿಸಿ ಸ್ವಿಚ್ಚು ಹಾಕಿದ. ಗಿರಣಿಯಲ್ಲಿ ಗುಡಿಸುತ್ತಿದ್ದ ಮುದುಕನೊಬ್ಬ ಅದನ್ನು ಕಣ್ಣಾರೆ ಕಂಡಿದ್ದ, ಕೋರ್ಟಿನಲ್ಲಿ ಹೇಳಿದ. ಜ್ಯೂರಿಯವರಿಗೆ ಕೊಟ್ಟ ಹಾಳೆಯಲ್ಲಿ ಮೊದಲ ಪ್ರಶ್ನೆಯೇ ಅದು: ರೈನೊ ಲೆಹ್ತೊಲಾ ಬೀಗ ಹಾಕಿದ್ದನೇ? ಹೌದು ಎಂದು ಬರೆದು ಹತ್ತು ಜನರೂ ಸಹಿ ಹಾಕಿದರು. ಆ ಹೌದಿಗಾಗಿ ನಾನು ಮೂರು ವರ್ಷ ಜೀವ ತೇದೆ. ಪರಿಹಾರದ ಹಣವನ್ನು ಅವರೇ ಇಟ್ಟುಕೊಳ್ಳಲಿ.

ಈಗ ಆ ಹೌದು ಅಳಿಸಿಹೋಗುತ್ತದೆ. ರಾಜ್ಯದ ಕೋರ್ಟಿಗೆ, ಅಂದರೆ ಇಲ್ಲಿನ ಕೌಂಟಿ ಕೋರ್ಟಿಗೆ, ಹೋಗೋಣವೆಂದರೆ ಗಡುವು ಮುಗಿದಿದೆ. ಮೊದಲೇ ಅಲ್ಲಿಗೆ ಯಾಕೆ ಹೋಗಲಿಲ್ಲ ಅಂತ ನೀವು ಕೇಳಬಹುದು. ಈ ಕೌಂಟಿಯಲ್ಲಿ ಗಿರಣಿಯ ಅನ್ನ ತಿನ್ನದ ಮನೆಯಿಲ್ಲ. ಹತ್ತು ಜನರನ್ನು ಕೂರಿಸಿದರೆ ಆರು ಜನ ಡ್ವೇನನ ನೆಂಟರೇ ಬರುತ್ತಾರೆ.

ಇನ್ನೊಂದು ಮಾತು. ಕೋಪ ಮಾಡಿಕೊಳ್ಳಬೇಡಿ. ರೈನೊ ನಿಮಗೆ ಹಾಗೆ ಬರೆಯುವಾಗ ನಾನು ಪಕ್ಕದಲ್ಲಿದ್ದೆ. ಯಾಕೆ ಸುಮ್ಮನೆ ಆಸೆ ಹುಟ್ಟಿಸುತ್ತೀಯ ಅಂತ ಕೇಳಿದ್ದೆ. "ಹೀಗೆ ಬರೆದ್ರೆ ಅಮ್ಮನಿಗೆ ಚಳಿಗಾಲ ಕಳೆಯುತ್ತೆ ಬಿಡು" ಅಂದಿದ್ದ. ನಾನು ಹೇಳಿದರೆ ಕೋರ್ಟು ನಂಬುವುದಿಲ್ಲ, ಲಾಭ ನನಗೇ ಅಲ್ಲವೇ? ನೀವು ಬಂದು ಹೇಳಬೇಕು, ಅವನು ನಿಮ್ಮ ಸಮಾಧಾನಕ್ಕೆ ಬರೆದ ಅಂತ.

ಆ ಲೈಸೆನ್ಸುಗಳು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ಎಂಬತ್ತೊಂಬತ್ತರಲ್ಲೂ ತೊಂಬತ್ತರಲ್ಲೂ ಬೇಟೆಯ ಆ ವಾರವೆಲ್ಲ ಅವನು ನನ್ನ ಜೊತೆ ಇಲ್ಲೇ ಇದ್ದ.

ಕೊರಿನ್


ಹೆರಾನ್ ಪಾಯಿಂಟ್
೧೯ ಏಪ್ರಿಲ್ ೧೯೯೫

ಕೊರಿನ್,

ನಿನ್ನ ಪತ್ರ ಓದಿ ಎರಡು ವಾರ ಮಡಿಸಿ ಇಟ್ಟಿದ್ದೆ.

ಬೀಗದ ವಿಷಯ ಬರೆದದ್ದು ಒಳ್ಳೆಯದಾಯಿತು. ನನಗೆ ಅದು ಗೊತ್ತಿತ್ತು, ನನ್ನ ಮಗನನ್ನು ಬೆಳೆಸಿದವಳು ನಾನು. ಆದರೂ ಹತ್ತು ಜನ ಸಹಿ ಹಾಕಿದರು ಅನ್ನುವುದನ್ನು ಮತ್ತೆ ಮತ್ತೆ ಓದಿದೆ.

ಆದರೆ ನೀನು ಕೇಳಿದ್ದು ನನ್ನಿಂದಾಗದು. ಕರಿ ನಿಲುವಂಗಿಯವನ ಎದುರು ನಿಂತು, ಬೈಬಲ್ ಮುಟ್ಟಿ, ನನ್ನ ಮಗ ನನಗೆ ಸುಳ್ಳು ಬರೆಯುತ್ತಿದ್ದ ಅಂತ ಹೇಳಬೇಕೇ? ಚಳಿಗಾಲ ಕಳೆಯಲಿ ಅಂದನೇ? ಹಾಗಂದಿದ್ದರೆ ನೀನು ಅದನ್ನು ನಿನ್ನ ಹತ್ತಿರವೇ ಇಟ್ಟುಕೊಳ್ಳಬಹುದಿತ್ತು. ಎಪ್ಪತ್ತೊಂದು ವರ್ಷದವಳಿಗೆ ಬರೆದು ತಿಳಿಸಬೇಕಾದ ಮಾತೇ ಅದು?

ಲೈಸೆನ್ಸಿನ ಬಗ್ಗೆ ನನಗೇನೂ ಹೇಳಲಿಕ್ಕಿಲ್ಲ.

ಸೈಮಾ


ಸಾಂಡ್‌ಬರ್ಗ್
೧೨ ಮೇ ೧೯೯೫

ಅತ್ತೆ,

ನೀವು ಬರಬೇಕೆಂದು ಇನ್ನು ಕೇಳುವುದಿಲ್ಲ. ಆ ಮಾತನ್ನು ಬರೆಯಬಾರದಿತ್ತು, ಒಪ್ಪುತ್ತೇನೆ. ಈಗ ಬರೆಯುತ್ತಿರುವುದು ನನ್ನ ಹೊಟ್ಟೆಯುರಿ ಹೇಳಿಕೊಳ್ಳಲು. ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ಮೇಲಿನ ಕೋರ್ಟು ಕೇಸನ್ನು ಕೆಳಗಿನ ಜಡ್ಜಿಗೆ ವಾಪಸ್ ಕಳಿಸಿದೆ, ರೈನೊ ಯಾವ ರಾಜ್ಯದವನು ಅಂತ ತೀರ್ಮಾನಿಸಿ ತಿಳಿಸಿ ಅಂತ. ಜೂನ್ ಹದಿನಾಲ್ಕಕ್ಕೆ ವಿಚಾರಣೆ. ನಿನ್ನೆ ಕಂಪನಿಯ ಹಿರಿಯ ವಕೀಲ ಪ್ರೆಂಟಿಸ್ ಬರೆದದ್ದನ್ನು ಓದಿದೆ. ನವೆಂಬರಿನಲ್ಲಿ ಇದೇ ಮನುಷ್ಯ ಜ್ಯೂರಿಯ ಎದುರು ರೈನೊನನ್ನು ಹೊಣೆಗೇಡಿ, ಎಲ್ಲೂ ನಿಲ್ಲದ ಅಲೆಮಾರಿ ಅಂದಿದ್ದ. ಈಗ ನೋಡಿದರೆ ಹುಟ್ಟೂರಿನ ಕಾಡನ್ನೂ ಮುದಿ ತಾಯಿಯನ್ನೂ ಕ್ಷಣಕಾಲ ಮರೆಯದ ಮಗ ಅಂತ ಎರಡು ಪುಟ ಬರೆದಿದ್ದಾನೆ. ಏನು ಪ್ರೀತಿ ಉಕ್ಕಿ ಬಂದಿದೆ ನೋಡಿ.

ಇನ್ನೂ ಕೇಳಿ. ಮೊದಲ ವರ್ಷ ನಾವು ದಾವೆ ಹಾಕಿದಾಗ 'ಮೃತನು ಮಿನ್ನೆಸೋಟದವನು' ಎಂದು ಬರೆದಿದ್ದೆವು. ಅದಕ್ಕೆ ಕಂಪನಿಯವರೇ 'ಒಪ್ಪಿದೆ' ಎಂದು ಬರೆದಿದ್ದರು. ಆ ಕಾಗದ ಇಂದಿಗೂ ಇದೆ. ಅವರು ಗೆದ್ದಿದ್ದರೆ ರೈನೊ ಮಿನ್ನೆಸೋಟದವನಾಗಿಯೇ ಇರುತ್ತಿದ್ದ. ಸೋತ ಮೇಲೆ ವಿಸ್ಕಾನ್ಸಿನ್‌ನವನಾದ. ಇದನ್ನು ಜಡ್ಜಿಗೆ ತೋರಿಸಿದರೆ ಸಾಲದೇ ಅಂತ ಕೇಳಿದೆ. ಸಾಲದು ಅಂದರು ಗ್ರೂಬರ್. ಎರಡೂ ಕಡೆಯವರು ಕೈಮುಗಿದು ಒಪ್ಪಿದರೂ ಇಲ್ಲದ ಅಧಿಕಾರ ಆ ಕೋರ್ಟಿಗೆ ಬರುವುದಿಲ್ಲವಂತೆ. ಆ ಪ್ರಶ್ನೆಯನ್ನು ಎಷ್ಟು ತಡವಾಗಿ ಎತ್ತಿದರೂ ಕೇಳಲೇಬೇಕಂತೆ. ಹಾಗಾದರೆ ಒಂಬತ್ತು ದಿನ ಆ ಎತ್ತರದ ಕುರ್ಚಿಯಲ್ಲಿ ಕೂತು ನನ್ನ ಗಂಡ ಹೇಗೆ ಸತ್ತ ಅಂತ ಕೇಳಿಸಿಕೊಂಡವರು ತಮಗೆ ಅಧಿಕಾರವಿದೆಯೇ ಅಂತ ಮೊದಲ ದಿನವೇ ನೋಡಿಕೊಳ್ಳಬಾರದಿತ್ತೇ?

ಪತ್ರಗಳ ವಿಷಯ ಹೇಗೋ ವಾದಿಸಬಹುದಂತೆ. ಊರು ಬಿಟ್ಟ ಯಾವ ಮಗ ತಾಯಿಗೆ ಹಾಗೆ ಬರೆಯುವುದಿಲ್ಲ? ಲೈಸೆನ್ಸು ಹಾಗಲ್ಲ. ತಾನು ಈ ರಾಜ್ಯದ ನಿವಾಸಿ ಅಂತ ಪ್ರಮಾಣ ಮಾಡಿ ಸಹಿ ಹಾಕಿದ ಕಾಗದ. ಅದು ಕೊನೆಯ ಮೊಳೆ ಅಂದರು.

ನಿಮಗೇನಾದರೂ ಗೊತ್ತಿದ್ದರೆ ಹೇಳಿ, ಅತ್ತೆ.

ಕೊರಿನ್


ಹೆರಾನ್ ಪಾಯಿಂಟ್
೧ ಜೂನ್ ೧೯೯೫

ಕೊರಿನ್,

ಆ ಸಹಿ ನನ್ನದು.

ಇಲ್ಲಿ ನವೆಂಬರ್ ಬಂತೆಂದರೆ ಯಾರೂ ಹೇಗಿದ್ದೀರಿ ಅಂತ ಕೇಳುವುದಿಲ್ಲ. ಮಗ ಬೇಟೆಗೆ ಬರುತ್ತಾನಾ ಅಂತ ಕೇಳುತ್ತಾರೆ. ಮದುವೆಗೆ ಬಾರದ ಮಕ್ಕಳೂ ಜಿಂಕೆ ಬೇಟೆಯ ಒಂಬತ್ತು ದಿನಕ್ಕೆ ಮನೆಗೆ ಬರುತ್ತಾರೆ. ಬಾರದವನ ತಾಯಿಯನ್ನು ಉಳಿದವರು ನೋಡುವ ರೀತಿಯೇ ಬೇರೆ. ಎಂಬತ್ತೆಂಟರಲ್ಲಿ ರೈನೊ ಬರುತ್ತೇನೆ, ಲೈಸೆನ್ಸು ತೆಗೆದಿಡು ಅಂದ. ಊನೊ ಕೋಸ್ಕಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತೆಗೆದುಕೊಂಡೆ, ಅವನ ಹೆಸರು ನಾನೇ ಬರೆದೆ. ಇಲ್ಲಿನ ತಾಯಂದಿರು, ಹೆಂಡಿರು ಎಲ್ಲರೂ ಹಾಗೇ ಮಾಡುತ್ತಾರೆ, ಊನೊ ಏನೂ ಅನ್ನುವುದಿಲ್ಲ. ಆ ವರ್ಷ ರೈನೊ ಬಂದ, ಎರಡು ದಿನ ಇದ್ದ. ಏನನ್ನೂ ಹೊಡೆಯಲಿಲ್ಲ. ಕಾಡಿನಲ್ಲಿ ಕೂತು ಕೊರಿನ್ ಬಗ್ಗೆ ಯೋಚಿಸುತ್ತಿದ್ದೆ ಅಂದ. ಇದನ್ನು ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ.

ಮುಂದಿನ ವರ್ಷ ಕೇಳದೆಯೇ ತೆಗೆದುಕೊಂಡೆ. ಲೈಸೆನ್ಸಿನ ಜೊತೆ ಕೊಡುವ, ಬೆನ್ನಿಗೆ ಚುಚ್ಚಿಕೊಳ್ಳುವ ನಂಬರು ಚೀಟಿಯನ್ನು ಅವನ ಕಿತ್ತಳೆ ಬಣ್ಣದ ಬೇಟೆ ಕೋಟಿಗೆ ಪಿನ್ನು ಮಾಡಿ ಬಾಗಿಲ ಹತ್ತಿರ ತೂಗುಹಾಕಿದೆ. ಬಂದವರಿಗೆ ಕಾಣಲಿ ಅಂತ. ಶುಕ್ರವಾರ ಫೋನು ಮಾಡಿ ಬರಲಾಗುವುದಿಲ್ಲ ಅಂದ. ಭಾನುವಾರ ಚರ್ಚಿನಲ್ಲಿ ಕೇಳಿದವರಿಗೆ ಕಾಡಿನಲ್ಲಿದ್ದಾನೆ ಅಂದೆ. ತೊಂಬತ್ತರಲ್ಲೂ ಹಾಗೇ ಆಯಿತು. ಆ ಸಲ ಅವನು ಫೋನಿನಲ್ಲಿ, ಅಮ್ಮ, ಆ ಕೋಟು ಯಾರಿಗಾದರೂ ಕೊಟ್ಟುಬಿಡು, ನಮ್ಮ ಮನೆ ಇನ್ನು ಇದೇ, ಕೊರಿನ್‌ಗೆ ಇಲ್ಲೇ ಇಷ್ಟ, ನನಗೂ ಇಲ್ಲೇ ಇಷ್ಟ, ಅಂದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಚ್ಚಗಿನ ಕಾಲುಚೀಲ ಹೆಣೆಯುತ್ತಿದ್ದೇನೆ, ಬಂದಾಗ ತಗೊಂಡು ಹೋಗು ಅಂದೆ. ಆಮೇಲೆ ಅವನು ಪತ್ರದಲ್ಲಿ ಮತ್ತೆ ಬರುತ್ತೇನೆ ಅಂತಲೇ ಬರೆದ. ಪಾಪ.

ಇನ್ನು ಹೇಳುವುದು ಕೇಳು. ಕಂಪನಿಯವರು ಮೂರು ವರ್ಷದ್ದು ಮಾತ್ರ ತೋರಿಸಿದ್ದಾರೆ. ನಾಲ್ಕನೆಯದೂ ಇದೆ. ಅವನು ಸತ್ತದ್ದು ತೊಂಬತ್ತೊಂದರ ಅಕ್ಟೋಬರ್ ಒಂಬತ್ತಕ್ಕೆ. ನಾನು ಲೈಸೆನ್ಸು ತೆಗೆದುಕೊಂಡದ್ದು ನವೆಂಬರ್ ಹದಿನೆಂಟಕ್ಕೆ. ಮೆಟ್ಟಿಲ ಮೇಲಿನ ಹಿಮಕ್ಕೆ ಹಾಕುವ ಉಪ್ಪು ತರಲು ಊನೊನ ಅಂಗಡಿಗೆ ಹೋಗಿದ್ದೆ. ಎಲ್ಲರೂ ಸಾಲಿನಲ್ಲಿ ನಿಂತಿದ್ದರು, ನಾನೂ ನಿಂತೆ. ಊನೊ ಅವನ ಶವಸಂಸ್ಕಾರಕ್ಕೆ ನಿಮ್ಮೂರಿಗೆ ಬಂದಿದ್ದವನು. ಲೈಸೆನ್ಸು ಪುಸ್ತಕ ತೆಗೆದ, ನಾನು ಹೆಸರು ಬರೆದೆ, ಹರಿದು ಕೊಟ್ಟ.

ಆ ಕಾಗದ ನನ್ನ ಹತ್ತಿರ ಇದೆ. ಸತ್ತು ಮಣ್ಣಾದವನು ಲೈಸೆನ್ಸು ತೆಗೆದುಕೊಳ್ಳುತ್ತಾನೆಯೇ ಅಂತ ನಿನ್ನ ವಕೀಲೆ ಜಡ್ಜಿಯನ್ನು ಕೇಳಲಿ. ನಾಲ್ಕರ ಅಕ್ಷರವೂ ಒಂದೇ. ಊನೊನಿಗೆ ಹೇಳಿದೆ, ಇದರಿಂದ ನಿನ್ನ ಅಂಗಡಿಗೆ ತೊಂದರೆ ಬರಬಹುದು ಅಂತ. ಬರಲಿ ಬಿಡಿ, ನಾನೂ ಬಂದು ಹೇಳುತ್ತೇನೆ, ಅಂದ.

ಹದಿನಾಲ್ಕಕ್ಕೆ ಬರುತ್ತೇನೆ. ಬಸ್‌ನಿಲ್ದಾಣಕ್ಕೆ ಯಾರೂ ಬರಬೇಕಿಲ್ಲ.

ನಿನ್ನ ಅತ್ತೆ
ಸೈಮಾ


ಸಾಂಡ್‌ಬರ್ಗ್
೧೬ ಜೂನ್ ೧೯೯೫

ಅತ್ತೆ,

ನಾನು ಕೋರ್ಟಿನ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ನೀವು ಬಸ್ಸು ಹತ್ತಿಬಿಟ್ಟಿದ್ದಿರಿ. ಊನೊ ಕೋಸ್ಕಿ ಟೋಪಿ ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಸೈಮಾ ಯಾರ ಜೊತೆಯೂ ಮಾತಾಡುವ ಸ್ಥಿತಿಯಲ್ಲಿಲ್ಲ ಅಂದರು.

ಅಲ್ಲಿ ಹೇಳಬೇಕೆಂದಿದ್ದದ್ದನ್ನು ಇಲ್ಲಿ ಬರೆಯುತ್ತೇನೆ. ನೀವು ಸಾಕ್ಷಿ ಹೇಳುವಾಗ ನಿಮಗೆ ಪ್ರೆಂಟಿಸ್‌ನ ಮುಖ ಮಾತ್ರ ಕಾಣುತ್ತಿತ್ತು. ಅವನ ಹಿಂದೆ ಕೂತಿದ್ದ ನನಗೆ ಅವನ ಮೇಜು ಕಾಣುತ್ತಿತ್ತು. ಗ್ರೂಬರ್ ತೊಂಬತ್ತೊಂದರ ಲೈಸೆನ್ಸು ಎತ್ತಿ ತೋರಿಸಿದಾಗ, ನಿಮ್ಮ ಮನೆಯಲ್ಲಿ ಬ್ರೆಡ್ಡು ತಿಂದನಲ್ಲ, ಆ ಯುವಕ ತಮ್ಮ ಫೈಲಿನಿಂದ ಒಂದು ಹಾಳೆಯನ್ನು ಮೆಲ್ಲಗೆ ಕೆಳಗೆ ಸರಿಸಿದ. ನಾಲ್ಕನೆಯದರ ಪ್ರತಿ ಅವರ ಹತ್ತಿರವೂ ಇತ್ತು. ಗೊತ್ತಿದ್ದೂ ಮೂರನ್ನೇ ತೋರಿಸಿದ್ದರು. ಎದ್ದು ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಬದಲಿಗೆ ಗ್ರೂಬರ್ ಅವರಿಗೆ ಸನ್ನೆ ಮಾಡಿದೆ, ಅವರು ಆ ಹಾಳೆಯನ್ನು ಕೇಳಿ ಪಡೆದು ಜಡ್ಜಿಗೆ ಕೊಟ್ಟದ್ದನ್ನು ನೀವೂ ನೋಡಿದಿರಿ.

ಆಮೇಲೆ ಪ್ರೆಂಟಿಸ್ ಜೇನಿನಂಥ ದನಿಯಲ್ಲಿ ಕೇಳಿದ, ಹಾಗಾದರೆ ನಿಮ್ಮ ಮಗ ತಾಯಿಗೇ ಸುಳ್ಳು ಬರೆಯುವಂಥವನೇ ಅಂತ. ನಾನು ಕಣ್ಣುಮುಚ್ಚಿಕೊಂಡೆ. ನೀವು ಒಂದಿಷ್ಟೂ ಅಲುಗದೆ ಹೇಳಿದಿರಿ: "ಯಾವಾಗ ಬರ್ತೀಯ ಅಂತ ನಾನು ಪ್ರತಿ ಪತ್ರದಲ್ಲೂ ಕೇಳ್ತಿದ್ದೆ. ಇನ್ನೇನು ಬರೀಬೇಕಿತ್ತು ಅವನು? ನಿಮ್ಮ ತಾಯಿ ಕೇಳಿದ್ರೆ ನೀವೇನು ಬರೀತೀರಿ?"

ಪ್ರೆಂಟಿಸ್ ಕೂತುಬಿಟ್ಟ. ಆಗ ಜಡ್ಜಿ ತಾವೇ ಬಾಗಿ ಕೇಳಿದರು, ವಾಪಸ್ ಬರುವ ಮನಸ್ಸು ನಿಮ್ಮ ಮಗನಿಗೆ ನಿಜವಾಗಿ ಇತ್ತೇ ಅಂತ.

"ಇದ್ದದ್ದು ನನಗೆ. ಅವನಿಗಲ್ಲ."

ಅಷ್ಟು ಹೇಳಿಸಿದ್ದಕ್ಕೆ ನನ್ನನ್ನು ಕ್ಷಮಿಸಿ. ಗಿರಣಿಯವರ ಮೇಲೆ ಇಷ್ಟು ದಿನ ಇದ್ದ ಸಿಟ್ಟು ಈಗ ಆ ಕೋರ್ಟಿನ ಮೇಲೂ ಬಂದಿದೆ. ಅವನನ್ನು ಹೇಗೆ ಕೊಂದರು ಅಂತ ಹೇಳಲು ನಿಮ್ಮನ್ನು ಯಾರೂ ಕರೆಯಲಿಲ್ಲ. ಇದನ್ನು ಹೇಳಲು ಕರೆದರು.

ಕೊರಿನ್


ಸಾಂಡ್‌ಬರ್ಗ್
೨೨ ಆಗಸ್ಟ್ ೧೯೯೫

ಪ್ರೀತಿಯ ಅತ್ತೆ,

ಜಡ್ಜಿಯ ಆದೇಶ ಬಂದಿದೆ. ಸಾಯುವ ಹೊತ್ತಿಗೆ ರೈನೊ ಮಿನ್ನೆಸೋಟದವನೇ ಅಂತ ತೀರ್ಮಾನಿಸಿದ್ದಾರೆ. ಮೇಲಿನ ಕೋರ್ಟು ಒಪ್ಪಬೇಕು, ಒಪ್ಪದೆ ದಾರಿಯಿಲ್ಲ ಅನ್ನುತ್ತಾರೆ ಗ್ರೂಬರ್. ತೀರ್ಪು ಉಳಿಯಿತು. ಜ್ಯೂರಿಯ 'ಹೌದು' ಉಳಿಯಿತು.

ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕಳಿಸಬೇಕೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಹದಿನಾಲ್ಕು ಪುಟವಿದೆ, ಎಲ್ಲೂ ಬೀಗದ ಮಾತಿಲ್ಲ, ಅವನು ಹೇಗೆ ಸತ್ತ ಎಂಬುದೂ ಇಲ್ಲ. ಅವನು ಎಲ್ಲಿ ಮಲಗುತ್ತಿದ್ದ, ಯಾವ ಊರಿನ ಡಾಕ್ಟರಿಗೆ ಹಲ್ಲು ತೋರಿಸುತ್ತಿದ್ದ, ಬರೀ ಇದೇ. ಹನ್ನೊಂದನೆಯ ಅಂಶವನ್ನು ಬಿಟ್ಟು ಓದಿ ಅಂತ ಕೇಳಿಕೊಳ್ಳುತ್ತೇನೆ. ನೀವು ಓದೇ ಓದುತ್ತೀರಿ ಅಂತಲೂ ಗೊತ್ತು.

ನಿಮ್ಮ
ಕೊರಿನ್


ಹೆರಾನ್ ಪಾಯಿಂಟ್
೩೦ ಆಗಸ್ಟ್ ೧೯೯೫

ಕೊರಿನ್,

ಓದಿದೆ. ಮೊದಲು ಅದನ್ನೇ ಓದಿದೆ.

ನನ್ನ ಮಗ ಬೀಗ ಹಾಕಿದ್ದ. ಇನ್ನು ಯಾರೂ ಹಾಕಿರಲಿಲ್ಲ ಅನ್ನುವ ಹಾಗಿಲ್ಲ. ನೀನು ಹಟ ಬಿಡದೆ ನಿಂತೆ, ಅದಕ್ಕೆ ಇದು ಉಳಿಯಿತು. ನಿನ್ನ ಮೇಲೆ ನನಗೆ ಈಗ ಕೋಪವಿಲ್ಲ. ಅವನು ಆ ಮನೆಯಲ್ಲಿ ಸುಖವಾಗಿದ್ದ ಅನ್ನುವುದಕ್ಕೂ ನಿನ್ನ ಮೇಲೆ ಕೋಪವಿತ್ತು, ಅದೂ ಹೋಯಿತು.

ಆದರೆ ಆ ಜಡ್ಜಿ ಮಹಾನುಭಾವ ಹನ್ನೊಂದರಲ್ಲಿ ಬರೆದದ್ದನ್ನು ನೋಡು. 'ಮೃತನಿಗೆ ತಾಯಿಯ ಮನೆಗೆ ಮರಳುವ ಯಾವ ಉದ್ದೇಶವೂ ಇರಲಿಲ್ಲ. ಈ ವಿಷಯದಲ್ಲಿ ಆಕೆಯ ಸಾಕ್ಷ್ಯವೇ ನಿರ್ಣಾಯಕ.' ಕೆಳಗೆ ಸಹಿ, ಮೊಹರು. ಅವನು ಬರುವುದಿಲ್ಲ ಅಂತ ನನಗೆ ತೊಂಬತ್ತರಿಂದಲೇ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬದುಕಿದ್ದೆ, ಅದರಿಂದ ಯಾರಿಗೂ ಏನೂ ನಷ್ಟವಾಗಿರಲಿಲ್ಲ. ಕೊಂದವರನ್ನು ಹಿಡಿಯಬೇಕಾದ ಕೋರ್ಟು ತನಗೆ ಕೇಳುವ ಹಕ್ಕು ಇದೆಯೋ ಇಲ್ಲವೋ ಅಂತ ತಿಳಿದುಕೊಳ್ಳಲು ನನ್ನ ಮನೆಯೊಳಕ್ಕೆ ಕೈಹಾಕಿತು. ಡ್ವೇನನನ್ನು ಕೇಳಲಿಲ್ಲ, ಗಿರಣಿಯ ಯಜಮಾನರನ್ನು ಕೇಳಲಿಲ್ಲ. ನನ್ನನ್ನು ಕೇಳಿತು.

ನನ್ನ ಮಗ ಮನೆಗೆ ಬರುತ್ತಿರಲಿಲ್ಲ ಅಂತ ಪ್ರಮಾಣ ಮಾಡಿ ಹೇಳಲು ಎರಡು ರಾಜ್ಯಗಳಲ್ಲಿ ಅವರಿಗೆ ನಾನೇ ಬೇಕಾಯಿತೇ?

ಸೈಮಾ